ನನ್ನ ಲಿವರಿನ ಮೋಜಿಣಿ

ನಮ್ಮ ಮನೆಯಲ್ಲಿ ಅಳೆಯುವವರು ಇಬ್ಬರು. ನಮ್ಮ ಯಜಮಾನರು ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ಸರ್ವೆಯರಾಗಿ ಜಮೀನಿನ ಮೋಜಿಣಿ ಮಾಡುತ್ತಿದ್ದು ನಿವೃತ್ತರಾದವರು. ನಾನು ಅಜ್ಜಂಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ಮೂವತ್ತು ವರ್ಷದಿಂದ ಬ್ಲೌಸು ಹೊಲಿಯುತ್ತಿರುವವಳು. ಅವರದು ಮೀಟರು, ನನ್ನದು ಇಂಚು. ಅವರು ಅಳೆಯುವುದು ಅಲ್ಲಾಡದೆ ಬಿದ್ದಿರುವ ನೆಲವನ್ನು, ನಾನು ಅಳೆಯುವುದು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಹೆಂಗಸರನ್ನು. ಯಾವುದು ಕಷ್ಟ ಅಂತ ನೀವೇ ಹೇಳಿ.

ಇವರಿಗೆ ಅಳತೆಯ ವಿಷಯದಲ್ಲಿ ಒಂದು ಹಟ. ಅಮೃತಾಪುರದ ಹತ್ತಿರ ನನ್ನ ತಮ್ಮನ ತೆಂಗಿನ ತೋಟಕ್ಕೂ ಪಕ್ಕದವರ ತೋಟಕ್ಕೂ ಬದುವಿನ ತಕರಾರು ಎದ್ದಾಗ ಅಳೆಯಲು ಹೋದವರು ಇವರೇ. ಸ್ವಂತ ಭಾವ ಅಲ್ಲವೇ, ನಮ್ಮ ಕಡೆಗೆ ನಾಲ್ಕು ಗೇಣು ಜರುಗಿಸುತ್ತಾರೆ ಎಂದುಕೊಂಡು ತಮ್ಮ ಬಾಳೆಲೆ ಹಾಕಿಸಿ ಒಬ್ಬಟ್ಟಿನ ಊಟ ಬಡಿಸಿದ. ಇವರು ಒಬ್ಬಟ್ಟು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಕೈ ತೊಳೆದು, ಪಕ್ಕದವರ ಅರ್ಧ ಗುಂಟೆಯನ್ನು ನನ್ನ ತಮ್ಮನೇ ಒತ್ತುವರಿ ಮಾಡಿದ್ದಾನೆ ಎಂದು ಬರೆದುಕೊಟ್ಟು ಬಂದರು. ತಮ್ಮ ಎರಡು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ನಾನು ಒಂದು ವಾರ ಸಾರಿಗೆ ಉಪ್ಪು ಹಾಕಲಿಲ್ಲ. ಆ ಸಪ್ಪೆ ಸಾರನ್ನೇ ಕಲಸಿಕೊಂಡು, "ಸರ್ವೀಸಲ್ಲಿ ಒಂದೇ ಒಂದು ಸುಳ್ಳು ಅಳತೆ ಬರ್ದಿಲ್ಲ ಕಣೇ ನಾನು," ಎಂದು ಎದೆ ಸೆಟೆಸಿಕೊಂಡು ಉಂಡೆದ್ದರು.

ನನ್ನ ಕಸುಬಿನ ಧರ್ಮ ಬೇರೆ. ದರ್ಜಿಯವಳು ಅಳತೆಯನ್ನು ಗಟ್ಟಿಯಾಗಿ ಹೇಳಬಾರದು. ಸೊಂಟ ಎರಡು ಇಂಚು ದಪ್ಪವಾಗಿದ್ದರೂ "ಹೋದ್ಸಲದಷ್ಟೇ ಐತೆ ಕಣಕ್ಕ" ಅನ್ನಬೇಕು. ಕಾಯಿಲೆ ಬಿದ್ದು ಎದ್ದು ಬಂದವಳು ಸೊರಗಿ ಕಡ್ಡಿಯಾಗಿದ್ದರೂ "ಹೋದ್ಸಲದಷ್ಟೇ" ಅನ್ನಬೇಕು. ನಿಜವಾದ ಅಂಕಿ ಪುಸ್ತಕದಲ್ಲಿರುತ್ತದೆ, ಕತ್ತರಿಗೆ ಗೊತ್ತಿರುತ್ತದೆ, ಸಾಕು. ಇದನ್ನು ಕೇಳಿದಾಗಲೆಲ್ಲ ಇವರು ಮುಖ ಸಿಂಡರಿಸುತ್ತಿದ್ದರು. "ನಿಂದು ಅಳತೆಯೇ ಅಲ್ಲ, ಪುಸಲಾಯಿಸೋದು," ಎನ್ನುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮ ಸಂಸಾರ ಹಾಗೆಯೇ ಚೆನ್ನಾಗಿ ನಡೆದುಕೊಂಡು ಬಂದಿತ್ತು.

ಎರಡು ವರ್ಷದ ಹಿಂದೆ ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಕಡೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶದಲ್ಲಿ ಕಲ್ಲಿರಬಹುದು ಅಂತ ನಮ್ಮ ಅಂದಾಜು. ಕಲ್ಲು ಇರಲಿಲ್ಲ, ಲಿವರಿನಲ್ಲಿ ಒಂದು ಗಡ್ಡೆ ಇತ್ತು. ಆಮೇಲೆ ದೊಡ್ಡ ಸ್ಕ್ಯಾನು, ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆ, ಎಲ್ಲ ಆಗಿ ಅದು ಕ್ಯಾನ್ಸರ್ ಎಂದು ಹೇಳಿದರು. ಕೇಳಿದಾಗ ನನಗೆ ಅಳು ಬರಲಿಲ್ಲ. ಮದುವೆ ಸೀಸನ್ನು, ಹನ್ನೊಂದು ಬ್ಲೌಸು ಕತ್ತರಿಸಿ ಇಟ್ಟಿದ್ದೆ, ಅವನ್ನು ಯಾರು ಹೊಲಿಯುತ್ತಾರೆ ಎಂಬ ಯೋಚನೆಯೇ ಮೊದಲು ಬಂತು. ಬಸ್ಸಿನಲ್ಲಿ ಕುಳಿತ ಮೇಲೆ ಹೆದರಿಕೆ ಬಂತು. ತುಂಬಾನೇ ಹೆದರಿದೆ.

ಮನೆಗೆ ಬಂದವರೇ ಇವರು ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಗಾಜಿಗೆ ಅಂಟಿಸಿ, ಸ್ಕೇಲು ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಒಳಗೆ ಓಡಿಬಂದರು. "ಒಂಬತ್ತೇ ಮಿಲಿಮೀಟರ್ ಕಣೇ! ಸುಮ್ನೆ ಹೆದರಿಸವ್ರೆ! ಕಡಲೆಕಾಳಷ್ಟೂ ಇಲ್ಲ!" ಎಂದು ಕುಣಿದಾಡಿದರು. ನಾನೂ ಖುಷಿಯಿಂದ ಕಾಫಿಗೆ ಇಟ್ಟೆ. ಹಾಲು ಉಕ್ಕುವ ಹೊತ್ತಿಗೆ ಮತ್ತೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು, ಮುಖ ಬಿಳಿಚಿಕೊಂಡಿತ್ತು. ಫಿಲ್ಮನ್ನು ಕುಗ್ಗಿಸಿ ಛಾಪಿಸಿರುತ್ತಾರೆ, ಎಷ್ಟು ಕುಗ್ಗಿಸಿದ್ದಾರೆ ಎಂಬುದಕ್ಕೆ ಪಕ್ಕದಲ್ಲೇ ಒಂದು ಗೆರೆ ಹಾಕಿರುತ್ತಾರೆ. ಆ ಗೆರೆಯನ್ನು ಇವರು ನೋಡಿರಲಿಲ್ಲ. ಲೆಕ್ಕ ಹಾಕಿದರೆ ಗಡ್ಡೆ ಇಪ್ಪತ್ತೆರಡು ಮಿಲಿಮೀಟರ್. ಆಯುಷ್ಯವೆಲ್ಲ ಗ್ರಾಮನಕ್ಷೆ ಬಿಡಿಸಿದ ಮನುಷ್ಯ ನಕ್ಷೆಯ ಸ್ಕೇಲು ನೋಡದೆ ಅಳೆದಿದ್ದರು. ಬೇರೆ ದಿನವಾಗಿದ್ದರೆ ಈ ವಿಷಯವನ್ನು ಊರಿಗೆಲ್ಲ ಸಾರಿ ನಗುತ್ತಿದ್ದೆ. ಅವತ್ತು ಇಬ್ಬರೂ ಕಾಫಿ ಕುಡಿದು ಲೋಟ ತೊಳೆದಿಟ್ಟೆವು.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಸ್ಪಷ್ಟ. ಹೊಟ್ಟೆ ಕೊಯ್ಯುವುದು ಬೇಡ ಎಂದರು. ಚರ್ಮದ ಮೂಲಕ ಉದ್ದನೆಯ ಸೂಜಿಯೊಂದನ್ನು ನೇರವಾಗಿ ಗಡ್ಡೆಯ ನಡುವಿಗೆ ಇಳಿಸುತ್ತಾರಂತೆ. ಸೂಜಿಯ ತುದಿಯಲ್ಲಿ ಕಾವು ಹುಟ್ಟುತ್ತದೆ, ಹತ್ತು ನಿಮಿಷದಲ್ಲಿ ಗಡ್ಡೆ ಬೆಂದುಹೋಗುತ್ತದೆ. "ಆದ್ರೆ ಗಡ್ಡೆ ಮಾತ್ರ ಸುಟ್ರೆ ಸಾಲಲ್ಲ ಅಮ್ಮ. ಅದರ ಸುತ್ತ ಐದು ಮಿಲಿಮೀಟರ್ ಆದ್ರೂ ಒಳ್ಳೇ ಲಿವರನ್ನೂ ಸುಡ್ಬೇಕು. ಎಲ್ಲಾದ್ರೂ ಒಂದು ಕಡೆ ಕಡಿಮೆ ಆದ್ರೆ ಅಲ್ಲಿಂದ ಮತ್ತೆ ಬೆಳೆಯುತ್ತೆ." ನನಗೆ ಥಟ್ಟನೆ ಅರ್ಥವಾಯಿತು. ಹೊಲಿಗೆಯ ಆಚೆ ಬಟ್ಟೆ ಬಿಡದೆ ಕತ್ತರಿಸಿದರೆ ಬ್ಲೌಸು ಮೊದಲ ಸಲ ತೊಟ್ಟಾಗಲೇ ಪಿಸಿಯುತ್ತದೆ. "ಬಟ್ಟೆ ಬಿಡ್ಬೇಕು ಅನ್ನಿ," ಎಂದೆ. ಡಾಕ್ಟರಮ್ಮ ನಕ್ಕು, ಹೌದು ಅಷ್ಟೇ ಎಂದರು.

ಇವರು ಬಿಡಬೇಕಲ್ಲ. ಸುಟ್ಟ ಜಾಗ ಯಾವ ಆಕಾರದಲ್ಲಿರುತ್ತದೆ ಎಂದು ಕೇಳಿದರು. ದುಂಡಗೆ ಇರುವುದಿಲ್ಲ, ಸೂಜಿಯ ಉದ್ದಕ್ಕೆ ಮೊಟ್ಟೆಯ ಹಾಗೆ ಉದ್ದವಾಗಿರುತ್ತದೆ, ಪಕ್ಕದಲ್ಲಿ ದೊಡ್ಡ ರಕ್ತನಾಳವಿದ್ದರೆ ಹರಿಯುವ ರಕ್ತ ಆ ಕಡೆಯ ಕಾವನ್ನು ಎಳೆದುಕೊಂಡು ಹೋಗುತ್ತದೆ, ಅಲ್ಲಿ ಮೊಟ್ಟೆ ತಗ್ಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನನ್ನ ಗಡ್ಡೆಯ ಒಂದು ಪಕ್ಕದಲ್ಲಿ ಅಂಥ ನಾಳ ಇತ್ತು. ಇವರು ತಕ್ಷಣ ಜೇಬಿನಿಂದ ಪುಸ್ತಕ ತೆಗೆದು ಚಕ್ಕುಬಂದಿ ಬರೆದರು. ಪೂರ್ವಕ್ಕೆ ರಕ್ತನಾಳ, ಪಶ್ಚಿಮಕ್ಕೆ ಪಕ್ಕೆಲುಬು, ಉತ್ತರಕ್ಕೆ ಎದೆಯ ಪೊರೆ, ದಕ್ಷಿಣಕ್ಕೆ ಪಿತ್ತಕೋಶ. ನನಗೆ ಮೈಯೆಲ್ಲ ಉರಿಯಿತು.

"ರೀ, ನನ್ನ ಹೊಟ್ಟೆ ಏನು ಸರ್ವೆ ನಂಬರ್ ಅನ್ಕೊಂಡ್ರಾ?" ಎಂದೆ.

"ಸುಮ್ನಿರೇ, ದಿಕ್ಕು ಗೊತ್ತಿಲ್ದೆ ಹೆಂಗೆ ಅಳೆಯೋದು?" ಎಂದರು.

ಸುಡುವ ಕೆಲಸ ಆಯಿತು. ನನಗೆ ಮಂಪರು, ಏನೂ ಗೊತ್ತಾಗಲಿಲ್ಲ. ಎಚ್ಚರವಾದಾಗ ಪಕ್ಕೆಯ ಮೇಲೆ ಚಿಕ್ಕ ಪಟ್ಟಿ, ಸ್ವಲ್ಪ ನೋವು, ಅಷ್ಟೇ. ಮಾರನೆಯ ದಿನ ಮತ್ತೆ ಸ್ಕ್ಯಾನ್ ಮಾಡಿ ಇವರನ್ನು ಒಳಗೆ ಕರೆದು ತೋರಿಸಿದರು. ಹೊರಗೆ ಬಂದವರು ನನ್ನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು, ಪುಸ್ತಕ ನೋಡಿಕೊಂಡು ಒಂದೊಂದಾಗಿ ಓದಿದರು. "ಸುಟ್ಟಿರೋದು ಉದ್ದ ನಲವತ್ತೆರಡು. ಗಡ್ಡೆ ಆಚೆಗೆ ಪೂರ್ವ ಆರು, ಪಶ್ಚಿಮ ಹತ್ತು. ಉತ್ತರ ದಕ್ಷಿಣ ಒಂದೊಂದ್ಕಡೆ ಹತ್ತತ್ತು. ಎಲ್ಲೂ ಐದಕ್ಕಿಂತ ಕಮ್ಮಿ ಇಲ್ಲ. ಹದ್ದುಬಸ್ತು ಆಗೋಯ್ತು ಕಣೇ, ಗಡಿ ಗಟ್ಟಿ." ಅಷ್ಟು ಹೇಳಿ ಬಾಟಲಿಗೆ ನೀರು ತುಂಬಿಸಿಕೊಂಡು ಬರುತ್ತೇನೆಂದು ಎದ್ದು ಹೋದರು.

ಅಲ್ಲಿಂದ ಮೂರು ತಿಂಗಳು ನಾನು ರಾಣಿಯ ಹಾಗೆ ಇದ್ದೆ. ಸುಳ್ಳು ಹೇಳುವುದೇಕೆ, ಮದುವೆಯಾದ ಮೇಲೆ ಅಷ್ಟು ಸುಖವಾಗಿ ದಿನ ಕಳೆದದ್ದೇ ಇಲ್ಲ. ಬೆಳಿಗ್ಗೆ ಇವರೇ ಅಂಗಳ ಗುಡಿಸಿ ನೀರು ಹಾಕುತ್ತಿದ್ದರು, ರಂಗೋಲಿ ಮಾತ್ರ ನನಗೆ ಬಿಟ್ಟಿದ್ದರು. ಅವರೆಕಾಳಿನ ಕಾಲ ಬಂತು, ಹಿದುಕಿ ಹಿದುಕಿ ಉಗುರು ಕಪ್ಪಾಯಿತು. ತಮ್ಮ ಎಳನೀರಿನ ಗೊನೆ ತಂದುಹಾಕಿದ, ಅವರಿಬ್ಬರ ಹಳೆಯ ಜಗಳ ಎತ್ತಿ ನಗಾಡಿದೆವು. ಮಧ್ಯಾಹ್ನ ಮಷಿನ್ ಮುಂದೆ ಕುಳಿತಾಗ ಒಮ್ಮೊಮ್ಮೆ ಬಲಪಕ್ಕೆಯ ಮೇಲೆ ಕೈಯಿಟ್ಟು, ಪೂರ್ವಕ್ಕೆ ಆರು ಅಂದುಕೊಳ್ಳುತ್ತಿದ್ದೆ. ಬೇರೆ ಯಾರು ಹೇಳಿದ್ದರೂ ಅನುಮಾನ ಬರುತ್ತಿತ್ತೇನೋ. ಇವರು ಅಳೆದು ಹೇಳಿದ್ದಲ್ಲವೇ, ಕಣ್ಣು ಮುಚ್ಚಿ ನಂಬಿದೆ.

ಇವರು ಮಾತ್ರ ವಿಚಿತ್ರವಾಗಿ ಆಡುತ್ತಿದ್ದರು. ಒಂದು ಭಾನುವಾರ ತರೀಕೆರೆಗೆ ಹೋದವರು ಮಟನ್ ಅಂಗಡಿಯಿಂದ ಮೇಕೆಯ ಇಡೀ ಲಿವರು ತಂದರು. ಹುರಿಯೋಣವೆಂದು ನಾನು ಮೆಣಸು ಕುಟ್ಟುತ್ತಿದ್ದರೆ ಇವರು ಅದನ್ನು ಹಿತ್ತಿಲಿನ ಕಲ್ಲಿನ ಮೇಲೆ ಇಟ್ಟು, ರೇಡಿಯೋ ರಿಪೇರಿ ಮಾಡುವ ಸೋಲ್ಡರಿಂಗ್ ಐರನ್ ಕಾಯಿಸಿ ನಡುವಿಗೆ ಚುಚ್ಚಿದರು. ಚುಂಯ್ ಎಂದು ಹೊಗೆ ಎದ್ದಿತು. ಹತ್ತು ನಿಮಿಷ ಕೈಗಡಿಯಾರ ನೋಡಿಕೊಂಡು ಕುಳಿತು, ಆಮೇಲೆ ಕುಡುಗೋಲು ಮಣೆಯಿಂದ ಹೆಚ್ಚಿ ಒಳಗೆ ನೋಡಿದರು. ಕಾವು ತಾಗಿದಷ್ಟೂ ಬೂದುಬಣ್ಣಕ್ಕೆ ತಿರುಗಿತ್ತು, ಉಳಿದದ್ದು ಕೆಂಪಗಿತ್ತು. ಡಾಕ್ಟರಮ್ಮ ಹೇಳಿದ ಮೊಟ್ಟೆಯ ಆಕಾರವೇ! ನನಗೂ ಕುತೂಹಲವಾಗಿ ಮೆಣಸು ಬಿಟ್ಟು ಬಂದು ಕುಕ್ಕರುಗಾಲಲ್ಲಿ ಕುಳಿತೆ.

ಎರಡನೆಯ ಸಲ ಇವರು ತೋಟದ ಡ್ರಿಪ್ಪಿನ ಸಣ್ಣ ಟ್ಯೂಬೊಂದನ್ನು ಲಿವರಿನೊಳಗೆ ತೂರಿಸಿ, ಅದರಲ್ಲಿ ನೀರು ಹರಿಯಬಿಟ್ಟು, ಪಕ್ಕದಲ್ಲಿ ಐರನ್ ಚುಚ್ಚಿದರು. ಹೆಚ್ಚಿ ನೋಡಿದರೆ ಟ್ಯೂಬಿನ ಪಕ್ಕ ಮಾಂಸ ಹಸಿಯಾಗಿಯೇ ಇತ್ತು. ಆಚೆ ಕಡೆ ಹನ್ನೆರಡು ಮಿಲಿಮೀಟರ್ ಬೆಂದಿದ್ದರೆ ನೀರಿನ ಕಡೆ ಐದೂ ಬೆಂದಿರಲಿಲ್ಲ. ಇವರು ಸ್ಕೇಲು ಇಟ್ಟು, ತೆಗೆದು, ಮತ್ತೆ ಇಟ್ಟರು.

"ಆ ಪೈಪು ಯಾಕ್ರೀ?" ಎಂದೆ.

"ಸುಮ್ನೆ, ನೋಡಾನ ಅಂತ," ಎಂದರು.

"ಒಳ್ಳೇ ಲಿವರು ಹಾಳು ಮಾಡಿದ್ರಿ. ಕಾಸು ಕೊಟ್ಟು ತಂದಿದ್ದು ಕಾಗೆಗೆ ಹೋಯ್ತು," ಎಂದು ಬೈದು, ಸುಡದೆ ಉಳಿದದ್ದನ್ನು ಒಳಗೆ ಒಯ್ದು ಹುರಿದೆ. ಇವರು ಅದನ್ನು ಮುಟ್ಟಲಿಲ್ಲ. ನಾನೇ ರಾಗಿಮುದ್ದೆ ಜೊತೆ ತಿಂದೆ, ಬಲು ರುಚಿಯಾಗಿತ್ತು.

ಮೂರು ತಿಂಗಳ ಸ್ಕ್ಯಾನಿಗೆ ಬೀರೂರಿನಲ್ಲಿ ಬೆಳಗಿನ ರೈಲು ಹತ್ತಿದೆವು. ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಈ ಸಲ ಇಬ್ಬರನ್ನೂ ಕೂರಿಸಿಕೊಂಡು ಪರದೆ ತೋರಿಸಿದರು. ಸುಟ್ಟ ಜಾಗ ಕಪ್ಪಗೆ ಕಾಣುತ್ತಿತ್ತು, ಮೊದಲಿಗಿಂತ ಕುಗ್ಗಿತ್ತು. ಕುಗ್ಗಿದ್ದು ಒಳ್ಳೆಯದೇ, ಸತ್ತದ್ದನ್ನು ಮೈ ತಾನೇ ಕರಗಿಸಿಕೊಳ್ಳುತ್ತದೆ ಎಂದರು. ಆದರೆ ರಕ್ತನಾಳದ ಕಡೆಯ ಅಂಚಿನಲ್ಲಿ ಬೆಳ್ಳಗೆ ಒಂದು ಗೆರೆ, ಬಿದಿಗೆಯ ಚಂದ್ರನಷ್ಟು ತೆಳ್ಳಗೆ, ಎದ್ದಿತ್ತು. "ಇಲ್ಲಿ ಮತ್ತೆ ಬೆಳೀತಿದೆ ಅಮ್ಮ. ಅವತ್ತೇ ಯಜಮಾನರಿಗೆ ಹೇಳಿದ್ನಲ್ಲ, ಈ ಕಡೆ ಎರಡೇ ಮಿಲಿಮೀಟರ್ ಸಿಕ್ಕಿರೋದು, ಕಾದು ನೋಡೋಣ ಅಂತ. ಗಾಬರಿ ಬೇಡ. ಚಿಕ್ಕದಿದೆ, ಇನ್ನೊಂದು ಸಲ ಸುಡೋಣ."

ಎರಡು! ನಾನು ಇವರ ಮುಖ ನೋಡಿದೆ. ಇವರು ಬಾಯಲ್ಲಿ ಬೆಟ್ಟಿಟ್ಟರೂ ಕಚ್ಚಲಾರದವರ ಹಾಗೆ ನೆಲ ನೋಡುತ್ತಾ ಕುಳಿತಿದ್ದರು.

ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಕುಳಿತ ಮೇಲೆ ನನ್ನ ಬಾಯಿ ಬಿಟ್ಟುಕೊಂಡಿತು. "ನನ್ನ ತಮ್ಮನಿಗೆ ಅರ್ಧ ಗುಂಟೆ ಬಿಡ್ಲಿಲ್ಲ ನೀವು. ನಂಗೆ ನಾಲ್ಕು ಮಿಲಿಮೀಟರ್ ಸುಳ್ಳು ಹೇಳಿದ್ರಾ? ಸಾಯೋದು ನಾನು, ಅಳತೆ ಮುಚ್ಚಿಡೋಕೆ ನೀವ್ಯಾರ್ರೀ?" ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ ಎಂದು ಇನ್ನೂ ಗಟ್ಟಿಯಾಗಿ ಕೂಗಿದೆ. ಅಷ್ಟು ಸಿಟ್ಟು ಬಂದಿತ್ತು.

ಇವರು ಇಡ್ಲಿಯನ್ನು ಚಮಚದಲ್ಲಿ ಚೂರು ಚೂರು ಮಾಡುತ್ತಾ ಕುಳಿತಿದ್ದರು. ಚಮಚ ಕೆಳಗಿಟ್ಟು, "ಊಟ ಮಾಡ್ತಿದ್ದೆ ಕಣೇ ನೀನು," ಎಂದರು. "ಗಡ್ಡೆ ಅಂತ ಗೊತ್ತಾದಾಗ್ನಿಂದ ತಟ್ಟೆ ಮುಂದೆ ಸುಮ್ನೆ ಕೂತ್ಕತಿದ್ದೆ. ಆರು ಅಂದ ದಿನ ಸಂಜೆ ಎರಡು ಚಪಾತಿ ತಿಂದೆ. ಆಮೇಲೆ ನಿಜ ಹೇಳಕ್ಕೆ ಬಾಯಿ ಬರ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಸಿಟ್ಟು ಹೋದ ಮೇಲೆ ಇನ್ನೊಂದು ಮಾತು ಹೊಳೆದು ನಾಚಿಕೆಯಾಯಿತು. ಮೊದಲ ಸಲ ಸುಟ್ಟು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಸುಟ್ಟ ಜಾಗದ ಅಗಲ ಮೂವತ್ತನಾಲ್ಕು ಎಂದು ಬರೆದಿತ್ತು. ಅದನ್ನು ನಾನೇ ಓದಿ ಬೀರುವಿನಲ್ಲಿಟ್ಟಿದ್ದೆ. ಗಡ್ಡೆ ಇಪ್ಪತ್ತೆರಡು, ಈ ಕಡೆ ಆರು, ಆ ಕಡೆ ಹತ್ತು, ಕೂಡಿದರೆ ಮೂವತ್ತೆಂಟು. ದಿನವಿಡೀ ಇಂಚು ಕೂಡಿ ಕಳೆಯುವ ಕಸುಬಿನವಳು ನಾನು, ಇಷ್ಟನ್ನು ಕೂಡಿರಲಿಲ್ಲ. ಕೂಡುವುದು ನನಗೂ ಬೇಕಾಗಿರಲಿಲ್ಲ. ಇನ್ನೂ ಒಂದಿತ್ತು, ಅದನ್ನೂ ಅಲ್ಲೇ ಹೇಳಿಬಿಟ್ಟೆ. ಕಾಯಿಲೆ ಗೊತ್ತಾದ ಹೊಸದರಲ್ಲಿ ನಾನು ಸಣ್ಣಗಾಗಿದ್ದೆ, ಬ್ಲೌಸುಗಳು ಜೋಲುತ್ತಿದ್ದವು. ಇವರ ಕಣ್ಣಿಗೆ ಬೀಳಬಾರದೆಂದು ಇವರು ಪೇಟೆಗೆ ಹೋದಾಗ ಎಂಟು ಬ್ಲೌಸನ್ನೂ ಎರಡೂ ಪಕ್ಕದಲ್ಲಿ ಅರ್ಧರ್ಧ ಇಂಚು ಹಿಡಿದು ಹೊಲಿದುಬಿಟ್ಟಿದ್ದೆ.

"ಕಳ್ಳಿ," ಎಂದರು ಇವರು. ಆಮೇಲೆ ನನ್ನ ಇಡ್ಲಿಯ ಮೇಲೆ ಚಟ್ನಿ ಹಾಕಿದರು.

ಹದಿನೈದು ದಿನಕ್ಕೆ ಎರಡನೆಯ ಸಲ ಸುಟ್ಟರು. ಈ ಸಲ ಸೂಜಿಯನ್ನು ರಕ್ತನಾಳಕ್ಕೆ ಸಮೀಪ ಇಳಿಸಿ, ಹೆಚ್ಚು ಹೊತ್ತು ಕಾವು ಕೊಟ್ಟರಂತೆ. ನಾನು ಮೊದಲೇ ಡಾಕ್ಟರಮ್ಮನ ಕೈ ಹಿಡಿದು ಹೇಳಿದ್ದೆ, "ಅಳತೆ ನಂಗೇ ಹೇಳ್ಬೇಕು ನೀವು, ಅವರ್ಗಲ್ಲ." ಅವರು ಮಾತು ಉಳಿಸಿಕೊಂಡರು. ಮಾರನೆಯ ದಿನ ಸ್ಕ್ಯಾನ್ ಮುಗಿದ ಮೇಲೆ ನನ್ನನ್ನೇ ಗಾಲಿಕುರ್ಚಿಯಲ್ಲಿ ಪರದೆಯ ಮುಂದೆ ಕೂರಿಸಿದರು. ಹಳೆಯ ಗಡ್ಡೆಯ ಗೆರೆಯನ್ನು ಹೊಸ ಕಪ್ಪಿನ ಮೇಲೆ ಇಟ್ಟು, ಒಂದೊಂದು ಪದರವಾಗಿ ಸರಿಸುತ್ತಾ, ಅಂಚಿನಿಂದ ಅಂಚಿಗೆ ಅಳೆದು ತೋರಿಸಿದರು. ರಕ್ತನಾಳದ ಕಡೆ ಎಂಟು. ಬೇರೆಲ್ಲೂ ಎಂಟಕ್ಕಿಂತ ಕಡಿಮೆ ಇಲ್ಲ. ನಾನು ಇನ್ನೊಮ್ಮೆ ತೋರಿಸಿ ಎಂದೆ, ಇನ್ನೊಮ್ಮೆ ತೋರಿಸಿದರು. ಅವರಿಗೆ ಕೈ ಮುಗಿದೆ, ಕಣ್ಣಲ್ಲಿ ನೀರು ಬಂತು.

ಹೊರಗೆ ಬೆಂಚಿನ ಮೇಲೆ ಇವರು ಕುಳಿತಿದ್ದರು. "ಎಂಟು ಕಣ್ರೀ," ಎಂದೆ.

ಇವರು ನನ್ನ ಮುಖವನ್ನೇ ನೋಡಿದರು. "ನಿಜ ಹೇಳ್ತಿದ್ದೀಯೋ, ಇಲ್ಲಾ ನನ್ನಂಗೆ...?"

"ದೇವರಾಣೆಗೂ ಎಂಟು."

ತಲೆ ಆಡಿಸಿದರು, ನಂಬಲಿಲ್ಲ. ರೈಲಿನಲ್ಲಿ ಅರಸೀಕೆರೆ ದಾಟುವವರೆಗೆ ಎರಡು ಸಲ, ಆಮೇಲೆ ಬೀರೂರಿನಲ್ಲಿ ಇಳಿಯುವಾಗ ಮತ್ತೊಂದು ಸಲ, ಎಷ್ಟು ಅಂದ್ರು ಎಂದು ಕೇಳಿದರು. ಮೂರು ಸಲವೂ ಎಂಟು ಅಂದೆ. ಹೆಂಡತಿಗೆ ಒಮ್ಮೆ ಸುಳ್ಳು ಹೇಳಿದ ಮನುಷ್ಯ ಹೆಂಡತಿಯ ನಿಜವನ್ನು ನಂಬಲಾರದೆ ಒದ್ದಾಡುತ್ತಿದ್ದರು. ಪಾಪ ಅನ್ನಿಸಿತು, ಒಳಗೊಳಗೆ ನಗುವೂ ಬಂತು.

ಮನೆಗೆ ಬಂದು ಕೈಕಾಲು ತೊಳೆದವರೇ, ಹಳೆಯ ಗಡ್ಡೆಯ ಗೆರೆ ಸಮೇತ ಛಾಪಿಸಿಕೊಟ್ಟಿದ್ದ ಫಿಲ್ಮನ್ನು ಕಿಟಕಿಗೆ ಹಿಡಿದರು. ಅಂಚಿಗೆ ಸ್ಕೇಲು ಇಡಲು ಹೋದರೆ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ನಾನು ಅವರ ಕೈಯಿಂದ ಸ್ಕೇಲು ತೆಗೆದುಕೊಂಡು, "ಸರೀರಿ, ನಾನು ಹಿಡಿತೀನಿ, ನೀವು ಬರ್ಕಳಿ," ಎಂದೆ. ಅವರು ಪುಸ್ತಕ ತೆರೆದು ಕುಳಿತರು. ಮೊದಲು ಪಕ್ಕದ ಗೆರೆಯನ್ನು ಅಳೆದು ಹೇಳಿದೆ, ಆಮೇಲೆ ಉದ್ದ, ಅಗಲ, ನಾಲ್ಕೂ ದಿಕ್ಕು. ಅವರು ಗುಣಿಸಿ ಬರೆದುಕೊಂಡು ಹೋದರು. ಪೂರ್ವಕ್ಕೆ ಬಂದಾಗ ಪೆನ್ನು ನಿಂತಿತು.

"ಇನ್ನೊಂದ್ಸಲ ನೋಡು."

ನೋಡಿದೆ. ಅಷ್ಟೇ ಬಂತು. ಅವರು ಗುಣಿಸಿದರು, ಎಂಟು ಬರೆದರು. ಆಮೇಲೆ ಕೆಳಗೆ ಒಂದು ಗೆರೆ ಎಳೆದು, ಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆಗೆ ತಳ್ಳಿದರು.

ಜಮೀನು ಅಳೆದಾದ ಮೇಲೆ ಖಾತೆದಾರರನ್ನು ಎದುರಿಗೆ ನಿಲ್ಲಿಸಿಕೊಂಡು, ಅಳತೆ ತೋರಿಸಿ ಅವರ ರುಜು ಹಾಕಿಸಿಕೊಳ್ಳದೆ ಇವರು ಯಾವತ್ತೂ ಹೊಲ ಬಿಟ್ಟು ಬಂದವರಲ್ಲ.

"ಖಾತೆದಾರ್ರು ಸೈನ್ ಹಾಕ್ಬೇಕು," ಎಂದರು ಇವರು. "ಹೋದ್ಸಲ ನಿನ್ನ ಕರೀದಲೇ ಬರ್ಕಂಡ್ಬಿಟ್ಟೆ. ತಪ್ಪಾಯ್ತು ಕಣೇ."

ನಾನು ಪೆನ್ನು ತೆಗೆದುಕೊಂಡು ಆ ಎಂಟರ ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ.